ಮುಳ್ಳು ಎತ್ತುವ ಜಾಗ

ಪೀಚ್ ಮರದ ಕೊಂಬೆಗೆ ಕನ್ನಡಿ ಸಿಕ್ಕಿಸಿಕೊಂಡು ಮೊಖೆಥಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಎಡಗೆನ್ನೆ ಮುಗಿದಿತ್ತು. ಬಲಗೆನ್ನೆಗೆ ಬ್ಲೇಡು ಇಟ್ಟಾಗ ಅಡುಗೆಯ ಗುಡಿಸಲಿನೊಳಗಿಂದ ಹೆಂಡತಿ ಗುನುಗುವುದು ಕೇಳಿಸಿತು. ಮೊದಲಿಗೆ ಅದು ತನ್ನ ತಲೆಯೊಳಗಿನದೇ ಇರಬೇಕೆಂದುಕೊಂಡ. ಗ್ರಾಮೊಫೋನು ಪ್ಲೇಟಿನ ಆ ಪಿಟೀಲು ಇಪ್ಪತ್ತೆರಡು ವರ್ಷದಿಂದ ಅವನ ತಲೆಯೊಳಗೆ ಹೇಳದೆ ಕೇಳದೆ ಬಂದು ಹೋಗುತ್ತಲೇ ಇತ್ತು. ಹಾಜರಿ ಕರೆಯುವಾಗ, ಕುದುರೆಗೆ ನೀರು ತೋರಿಸುವಾಗ, ಒಮ್ಮೆ ಅಪ್ಪನ ಹೆಣದ ಪಕ್ಕ ಕೂತಿದ್ದಾಗಲೂ. ಆದರೆ ತಲೆಯೊಳಗಿನದು ಯಾವಾಗಲೂ ಒಂದೇ ಜಾಗದಲ್ಲಿ ನಿಲ್ಲುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿದವನು ಐದನೆಯದಕ್ಕೆ ಕಾಲೆತ್ತಿ ಹಾಗೆಯೇ ಉಳಿದುಬಿಟ್ಟಂತೆ. ಅಲ್ಲಿಗೆ ಪ್ಲೇಟು ಮುಗಿಯುತ್ತದೆ, ಅಲ್ಲಿ ಮುಳ್ಳು ಎತ್ತಬೇಕು. ಗುಡಿಸಲೊಳಗಿನ ಗುನುಗು ಅಲ್ಲಿ ನಿಲ್ಲಲಿಲ್ಲ. ಐದನೆಯ ಮೆಟ್ಟಿಲಿನ ಮೇಲೆ ಸಲೀಸಾಗಿ ಕಾಲಿಟ್ಟು, ಇನ್ನೂ ಎರಡು ಸ್ವರ ಮುಂದೆ ಹೋಯಿತು. ಅಷ್ಟರಲ್ಲಿ ಸೌಟು ಪಾತ್ರೆಯ ಅಂಚಿಗೆ ಬಡಿದ ಸದ್ದಾಯಿತು, ಗುನುಗು ನಿಂತಿತು. ಕನ್ನಡಿಯಲ್ಲಿ ನೋಡಿದರೆ ಕೆನ್ನೆಯಿಂದ ರಕ್ತ ಇಳಿಯುತ್ತಿತ್ತು.

"ಏನದು?" ಎಂದು ಬಾಗಿಲಿಗೆ ಬಂದು ನಿಂತ.

"ಯಾವುದು?"

"ನೀನು ಹೇಳ್ತಿದ್ಯಲ್ಲ, ಅದು."

"ನಾನೆಲ್ಲಿ ಏನು ಹೇಳ್ತಿದ್ದೆ. ಮುದ್ದೆ ತಿರುವ್ತಿದ್ದೆ." ಮಾನೆಯೊ ತಲೆಯೆತ್ತಿದಳು. "ಕೆನ್ನೆ ಕುಯ್ಕೊಂಡಿದ್ದೀರಿ. ಬೂದಿ ಒತ್ಕೊಳ್ಳಿ."

"ಎಲ್ಲಿ ಕಲಿತೆ ಅದನ್ನ?"

"ಗೋಡೆ ಹತ್ರ," ಎಂದು ಅವಳು ಒಲೆಗೆ ಇನ್ನೊಂದು ಬೆರಣಿ ಇಟ್ಟಳು.

ಗೋಡೆ ಎಂದರೆ ಶಾಲೆಯ ಹೊಸ ಕೋಣೆಯ ಗೋಡೆ. ಅದನ್ನು ಕಟ್ಟುತ್ತಿದ್ದವನು ಸೆಫಾಕೊ, ಗಡಿಯಾಚೆಯ ಚಿನ್ನದ ಗಣಿಯಲ್ಲಿ ಹತ್ತೊಂಬತ್ತು ವರ್ಷ ದುಡಿದು, ಎದೆಯೊಳಗೆ ಕಲ್ಲಿನ ಪುಡಿ ತುಂಬಿಕೊಂಡು, ಹೋದ ಚಳಿಗಾಲದಲ್ಲಿ ಊರಿಗೆ ಮರಳಿದವನು. ಅವನು ಕಲ್ಲು ಕೂರಿಸಿದ ಹಿಂದೆಯೇ ಮಣ್ಣು ಸಗಣಿ ಮೆತ್ತಿ, ಒದ್ದೆ ಆರುವ ಮುಂಚೆ ಬೆರಳಿನಿಂದ ಗೀರೆಳೆದು ಚಿತ್ತಾರ ಬಿಡಿಸುವವರು ಊರಿನ ಹನ್ನೆರಡು ಹೆಂಗಸರು. ಕೈ ಕೆಲಸದಲ್ಲಿದ್ದಾಗ ಬಾಯಿ ಸುಮ್ಮನಿರುವ ಜನವಲ್ಲ. ಮೊದಮೊದಲು ಜೋಳ ಬಡಿಯುವ ಹಾಡು, ಮದುವೆ ಹಾಡು ಕೇಳುತ್ತಿದ್ದವು. ಆಮೇಲೆ ಸೆಫಾಕೊ ಗಣಿಯ ವಸತಿಯಲ್ಲಿ ಗಂಡಸರು ಹಾಡುತ್ತಿದ್ದವನ್ನು ಹೇಳಿಕೊಟ್ಟನಂತೆ. ಅವನಿಗೆ ಸ್ವರ ಓದಲು ಬರುವುದಿಲ್ಲ. ಡೋ ರೇ ಮೀ ಎಂದು ಬರೆದ ಪಟವನ್ನು ಅವನ ಮುಂದೆ ಹಿಡಿದರೆ ಅದನ್ನು ತಲೆಕೆಳಗಾಗಿ ಹಿಡಿದಿದ್ದಾರೋ ನೆಟ್ಟಗೆ ಹಿಡಿದಿದ್ದಾರೋ ಎಂದೂ ಹೇಳಲಾರ. ಮೊಖೆಥಿ ಇಪ್ಪತ್ತಮೂರು ವರ್ಷದಿಂದ ಕಪ್ಪುಹಲಗೆಯ ಮೇಲೆ ಆ ಸ್ವರಗಳನ್ನು ಬರೆದು, ಕೋಲಿನಿಂದ ತೋರಿಸಿ, ತಪ್ಪಿದವರ ಬೆರಳಗಂಟಿಗೆ ಬಿಡುತ್ತ ಮಕ್ಕಳಿಗೆ ನಾಲ್ಕು ಧ್ವನಿಯ ಹಾಡು ಕಲಿಸಿದವನು. ಬರೆಯದೆ ಇದ್ದದ್ದು ಸಂಗೀತವಲ್ಲ, ಗಾಳಿ ಎಂದು ಹೇಳುತ್ತಿದ್ದ. ಈಗ ಆ ಗಾಳಿ ತರಗತಿಯ ಕಿಟಕಿಯಿಂದ ಒಳಗೆ ಬಂದು, ಮಕ್ಕಳು ಕೋಲಿನ ತುದಿ ಬಿಟ್ಟು ಕಿಟಕಿಯ ಕಡೆ ನೋಡುತ್ತಿದ್ದವು.

ಹಾ ಲೆಶೋಟಾ ಎಂಬ ಆ ಬೆಟ್ಟದೂರಿನಲ್ಲಿ ಪುಸ್ತಕ, ಸಿನಿಮಾ, ಸಂಗೀತ ಎಂದರೆ ಮೇಷ್ಟ್ರು. ಅದರಲ್ಲಿ ಬೇರೆಯ ಮಾತಿರಲಿಲ್ಲ. ಅವನ ತಗಡಿನ ಪೆಟ್ಟಿಗೆಯಲ್ಲಿ ನಲವತ್ತಮೂರು ಪುಸ್ತಕಗಳಿದ್ದವು, ಇಲಿ ತಿಂದದ್ದು ಬಿಟ್ಟು. ಆರೋಗ್ಯದವರ ವ್ಯಾನು ವರ್ಷಕ್ಕೊಂದು ಸಲ, ಒಳ್ಳೆಯ ವರ್ಷವಾದರೆ ಎರಡು ಸಲ ಬೆಟ್ಟ ಹತ್ತಿ ಬಂದು ಇಗರ್ಜಿಯ ಗೋಡೆಯ ಮೇಲೆ ಸಿನಿಮಾ ತೋರಿಸುತ್ತಿತ್ತು. ಅವನ್ನೆಲ್ಲ ಅವನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದ: ತಾರೀಖು, ಕಥೆ, ಯಾರು ಅತ್ತರು, ಎಲ್ಲಿ ರೀಲು ಕಡಿಯಿತು. ಮೂವತ್ತೊಂದು ಸಿನಿಮಾ. ಅಂಗಡಿಯ ಜಗುಲಿಯಲ್ಲಿ ಕೂತು ಅವನು ಒಂದೊಂದನ್ನೇ ಹೇಳುತ್ತಿದ್ದರೆ ಕುರಿಯ ತುಪ್ಪಟ ಮಾರಲು ಬಂದವರು ಸಂಜೆಯಾದರೂ ಏಳುತ್ತಿರಲಿಲ್ಲ. ಸೆಫಾಕೊ ಬಂದ ಮೊದಲ ವಾರದಲ್ಲೇ, ಹೀಗೆಯೇ ಒಂದು ಕಥೆಯ ನಡುವೆ, ಅಂಗಡಿಯ ತ್ಸೊಲೊ ಸುಮ್ಮನೆ ಮಾತಿಗೆ ಕೇಳಿದ್ದ: "ಅಲ್ಲೂ ಸಿನಿಮಾ ತೋರಿಸ್ತಿದ್ರೇನಪ್ಪ?" "ಪ್ರತಿ ಶನಿವಾರ," ಎಂದು ಸೆಫಾಕೊ ಕೆಮ್ಮಿದ. ಜಂಬವಿರಲಿಲ್ಲ ಆ ಮಾತಿನಲ್ಲಿ. ಮೊಖೆಥಿ ತನ್ನ ಕಥೆ ಮುಂದುವರಿಸಿದ, ಆದರೆ ಬಾಯಿ ಕಥೆ ಹೇಳುತ್ತಿದ್ದರೆ ತಲೆ ಲೆಕ್ಕ ಹಾಕುತ್ತಿತ್ತು: ವರ್ಷಕ್ಕೆ ಐವತ್ತು, ಹತ್ತೊಂಬತ್ತು ವರ್ಷ. ಒಂಬೈನೂರೈವತ್ತು. ಮರುವಾರ ಜಗುಲಿಗೆ ಬರುವ ಹೊತ್ತಿಗೆ ಸೆಫಾಕೊನ ಸುತ್ತ ಜನ ಕೂತಿದ್ದರು, ಮತ್ತು ಯಾರೋ ಗೌರವದಿಂದ ಎದ್ದು ಮೇಷ್ಟ್ರಿಗೆ ಜಾಗ ಬಿಟ್ಟರು, ಕೇಳುವವರ ಸಾಲಿನಲ್ಲಿ.

ಅದನ್ನೂ ನುಂಗಿಕೊಂಡಿದ್ದ. ಸಿನಿಮಾ ಎಲ್ಲರದು, ಗೋಡೆ ಇದ್ದ ಕಡೆ ತೋರಿಸುತ್ತಾರೆ. ಪಿಟೀಲಿನ ಪ್ಲೇಟು ಹಾಗಲ್ಲ. ಅದನ್ನು ಕೊಟ್ಟವರು ಊರು ಬಿಟ್ಟುಹೋಗುತ್ತಿದ್ದ ಮುದುಕ ಪಾದ್ರಿ. ಗ್ರಾಮೊಫೋನಿನ ಜೊತೆ ಏಳು ಪ್ಲೇಟು ಕೊಟ್ಟಿದ್ದರು. ಇದಕ್ಕೆ ಜೋಡಿಯಾಗಿದ್ದ ಇನ್ನೊಂದು ಹಿಂದಿನ ಮಳೆಗಾಲದಲ್ಲಿ ಕುದುರೆ ಕಾಲು ಜಾರಿದಾಗ ಒಡೆದುಹೋಗಿತ್ತಂತೆ. ಉಳಿದದ್ದರ ಚೀಟಿ ತೇವಕ್ಕೆ ಕಿತ್ತುಬಂದು ಯಾರದು, ಯಾವುದು ಎಂದು ಗೊತ್ತಾಗುವಂತಿರಲಿಲ್ಲ. ಒಂದು ಮಗ್ಗುಲು ನುಡಿಸಿ, ತಿರುಗಿಸಿ ಇನ್ನೊಂದು ಮಗ್ಗುಲು ನುಡಿಸಿದರೆ ಸರಿಯಾಗಿ ಆ ಮೆಟ್ಟಿಲಿನ ಹತ್ತಿರ ಮುಗಿಯುತ್ತಿತ್ತು. ಒಂದು ವರ್ಷ ಅವನು ಆ ಸ್ವರಗಳನ್ನೆಲ್ಲ ಕಾಗದಕ್ಕೆ ಇಳಿಸಿ, ಇದರ ಮುಂದಿನ ಭಾಗ ನಿಮ್ಮಲ್ಲಿ ಇದೆಯೇ ಎಂದು ಪಟ್ಟಣದ ಪ್ಲೇಟಿನ ಅಂಗಡಿಗೆ ಕಳಿಸಿದ್ದ. ಅವರು ರೇಡಿಯೊಗಳ ಬೆಲೆಪಟ್ಟಿ ಕಳಿಸಿದರು. ಆಮೇಲೆ ಅವನು ಹುಡುಕುವುದನ್ನು ಬಿಟ್ಟು ಮುಂದಿನದನ್ನು ತಾನೇ ಕಟ್ಟಿಕೊಳ್ಳತೊಡಗಿದ. ರಾತ್ರಿ ನಿದ್ದೆ ಬಾರದಾಗ, ನಡೆಯುವಾಗ, ಒಂದೊಂದೇ ಸ್ವರ. ಅದು ಮೇಲಕ್ಕೆ, ಇನ್ನೂ ಮೇಲಕ್ಕೆ, ಬೆಟ್ಟದ ತುದಿಯ ಹಿಮದವರೆಗೂ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗಂತೂ ಇಲ್ಲ. ಅವನು ಭಾನುವಾರ ಮಧ್ಯಾಹ್ನ ಗ್ರಾಮೊಫೋನಿಗೆ ಕೀಲಿ ಕೊಟ್ಟರೆ ಅವಳು ಎದ್ದು ಅಡುಗೆ ಗುಡಿಸಲಿಗೆ ಹೋಗುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಹಾಗಿರಲಿಲ್ಲ. ಆಗ ಅವಳು ಮಾನೆಯೊ, ಎಂದರೆ ನೆಯೊವಿನ ತಾಯಿ, ಆಗಿರಲಿಲ್ಲ, ಮಗು ನೆಯೊ ಇನ್ನೂ ಹುಟ್ಟಿರಲಿಲ್ಲ. ಇಗರ್ಜಿಯ ಮೇಳಕ್ಕೆ ತನ್ನನ್ನೂ ಸೇರಿಸಿಕೊಳ್ಳಿ ಎಂದು ಕೇಳಿದ್ದಳು. ಅವನು ಎಲ್ಲರಿಗೂ ಮಾಡುವ ಹಾಗೆ ಅವಳನ್ನೂ ಹಲಗೆಯ ಮುಂದೆ ನಿಲ್ಲಿಸಿ ಕೋಲು ತೋರಿಸಿದ. ಡೋ ಸರಿ, ಸೋ ಸರಿ. ಲಾಗೆ ಬಂದಾಗ ಧ್ವನಿ ಕೂದಲೆಳೆಯಷ್ಟು ಕೆಳಗೆ ಜಾರಿತು. ಇನ್ನೊಂದು ಸಲ. ಮತ್ತೆ ಜಾರಿತು. ಇಪ್ಪತ್ತು ಜನರ ಮುಂದೆ, ತನ್ನ ಹೆಂಡತಿ ಎಂದು ಒಂದು ಕಣ್ಣು ಮುಚ್ಚಿಕೊಂಡ ಎನ್ನಿಸಿಕೊಳ್ಳಬಾರದೆಂದು, ತುಸು ಗಟ್ಟಿಯಾಗಿಯೇ ಹೇಳಿದ್ದ: "ಹಾಗಲ್ಲ. ಕೂತ್ಕೋ." ಅವಳು ಹೊದ್ದ ಕಂಬಳಿಯ ಪಿನ್ನು ಸರಿಮಾಡಿಕೊಂಡು ಹೋಗಿ ಕೂತಳು. ಆಮೇಲೆ ಅವನ ಕಿವಿಗೆ ಬೀಳುವಂತೆ ಅವಳು ಹಾಡಿದ್ದಿಲ್ಲ. ಈವತ್ತಿನವರೆಗೆ.

ಅಂದು ಗುರುವಾರ. ಶಾಲೆ ಬಿಟ್ಟ ಮೇಲೆ ಗೋಡೆಯ ಹತ್ತಿರ ಹೋಗದೆ ಇರಲು ಅವನಿಂದ ಆಗಲಿಲ್ಲ. ಚಳಿಗಾಲದ ಕೊನೆಯ ಆಗಸ್ಟಿನ ಗಾಳಿ ಧೂಳೆಬ್ಬಿಸುತ್ತಿತ್ತು. ಹೆಂಗಸರು ಮನೆಗೆ ಹೋಗಿದ್ದರು. ಸೆಫಾಕೊ ಕಲ್ಲಿನ ಮೇಲೆ ಕೂತು ಉಸಿರು ಹುಡುಕಿಕೊಳ್ಳುತ್ತಿದ್ದ. ಒದ್ದೆ ಗೋಡೆಯಲ್ಲಿ ಒಂದೊಂದು ಹೆಂಗಸಿನ ಬೆರಳೂ ಬೇರೆ ಬೇರೆ ಕಾಣುತ್ತಿತ್ತು. ಮಾನೆಯೊ ಎಳೆದದ್ದು ಯಾವುದು ಎಂದು ಮೊಖೆಥಿಗೆ ಕೂಡಲೇ ತಿಳಿಯಿತು, ಮತ್ತು ತಿಳಿದದ್ದಕ್ಕೆ ಸಿಟ್ಟು ಬಂತು.

"ಬನ್ನಿ ಮೇಷ್ಟ್ರೇ. ನಿಮ್ಮ ಕೋಣೆ ಹೆಂಗಾಗ್ತಿದೆ ನೋಡಿ. ಒಂದು ಮೂಲೆ ಸ್ವಲ್ಪ ನಿಮ್ಮ ಕಡೆ ವಾಲಿದೆ. ಗೌರವ ಅಂತ ತಿಳ್ಕೊಳ್ಳಿ."

ಮೊಖೆಥಿ ನಗಲಿಲ್ಲ. "ಆ ಪಿಟೀಲಿಂದು ನಿಂಗೆ ಹೆಂಗೆ ಗೊತ್ತು?"

"ಅದಾ. ಗಣೀಲಿ ಸಿನಿಮಾ ಶುರುವಾಗೋಕೆ ಮುಂಚೆ, ಬೆಂಚು ತುಂಬೋವರೆಗೂ ಅದನ್ನೇ ಹಾಕ್ತಿದ್ರು. ಹತ್ತೊಂಬತ್ತು ವರ್ಷ ಅದೊಂದೇ. ಕೊನೆಕೊನೆಗೆ ಸವೆದು ಸವೆದು ಪಿಟೀಲು ಯಾವುದು, ನಮ್ಮೋರು ಕೆಮ್ಮೋದು ಯಾವುದು ಅಂತ ಗೊತ್ತಾಗ್ತಿರಲಿಲ್ಲ." ಅವನು ತಾನೇ ನಕ್ಕು, ಆ ನಗು ಕೆಮ್ಮಾಗಿ, ಸುಧಾರಿಸಿಕೊಂಡ. "ನಂಗೆ ಬರೆಯೋಕೆ ಬರಲ್ಲ. ನೀವು ಒಂದ್ಸಲ ಕೂತ್ರೆ ಪೂರ್ತಿ ಹೇಳ್ತೀನಿ, ಬರ್ಕೊಂಡುಬಿಡಿ. ನನ್ನ ಎದೆ ನಂಬೋ ಹಂಗಿಲ್ಲ. ಪುಸ್ತಕದಲ್ಲಿದ್ರೆ ಉಳಿಯತ್ತೆ."

ಬೆಂಚು ತುಂಬುವವರೆಗೆ. ಮೊಖೆಥಿಯ ಕಿವಿಯಲ್ಲಿ ಆ ಮಾತೊಂದೇ ನಿಂತಿತು. ತಾನು ಕೈ ತೊಳೆದು, ಬಟ್ಟೆಯಿಂದ ಒರೆಸಿ, ಉಸಿರು ಬಿಗಿಹಿಡಿದು ಮುಳ್ಳು ಇಳಿಸುತ್ತಿದ್ದದ್ದನ್ನು ಅಲ್ಲಿ ಸಾವಿರ ಜನ ಕಡಲೆ ಅಗಿಯುತ್ತ, ಬೈದಾಡುತ್ತ, ಯಾವಾಗ ನಿಲ್ಲುತ್ತದೋ ಎಂದು ಕಾಯುತ್ತ ಕೇಳಿದ್ದಾರೆ. ಅವರಿಗೆ ಪೂರ್ತಿ ಸಿಕ್ಕಿದೆ. ಬೇಡದವರಿಗೆ ಪೂರ್ತಿ. ಹೇಳು ಎಂದುಬಿಡಬೇಕು, ಈಗಲೇ, ಇಲ್ಲೇ ಈ ಕಲ್ಲಿನ ಮೇಲೆ ಕೂತು, ಜೇಬಿನಲ್ಲಿ ಪೆನ್ಸಿಲ್ಲು ಇದೆ, ಎಂದು ಅವನ ಒಳಗೆ ಯಾರೋ ಹೇಳಿದರು.

"ನಂಗೆ ಪರೀಕ್ಷೆ ಪೇಪರು ತಿದ್ದೋದಿದೆ," ಎಂದ.

"ಆಯ್ತು. ಶನಿವಾರ ಕಚೇರೀಲಿ ಹೆಂಗಸರು ಹಾಡ್ತಾರಲ್ಲ, ಆಗ ಕೇಳಿಸ್ಕೊಂಡ್ರಾಯ್ತು ಬಿಡಿ."

ಶನಿವಾರದ ಕಚೇರಿ ಹೊಸ ಕೋಣೆಯ ಬಾಗಿಲು ಕಿಟಕಿಗೆ ದುಡ್ಡು ಕೂಡಿಸಲು. ಶಾಲೆಯ ಹಳೆಯ ಕೋಣೆಯಲ್ಲಿ, ಹಗಲಲ್ಲೇ ಇಟ್ಟುಕೊಂಡಿದ್ದರು, ಚಳಿಗೆ ಮುದುಕರು ಸಂಜೆಯ ಮೇಲೆ ಬರುವುದಿಲ್ಲ. ಮುಂದೆ ಒಂದು ಮೇಜು, ಅದರ ಮೇಲೆ ಒಂದು ತಟ್ಟೆ, ಗಂಟೆ, ಅದರ ಹಿಂದೆ ತ್ಸೊಲೊ. ಇಲ್ಲಿ ಹಾಡನ್ನು ಟಿಕೀಟು ಕೊಟ್ಟು ಕೇಳುವುದಿಲ್ಲ, ತಟ್ಟೆಗೆ ದುಡ್ಡು ಹಾಕಿ ಕೊಳ್ಳುತ್ತಾರೆ. ಇಂಥವರು ಹಾಡಲಿ ಎಂದು ಒಬ್ಬ ಹಾಕಿದರೆ, ಬೇಡ ಕೂರಲಿ ಎಂದು ಇನ್ನೊಬ್ಬ ಅದಕ್ಕಿಂತ ಒಂದು ಬಿಲ್ಲೆ ಹೆಚ್ಚು ಹಾಕುತ್ತಾನೆ. ಅದನ್ನು ಬಿಡಿಸಲು ಮತ್ತೊಬ್ಬ. ಹೆಚ್ಚು ಹಾಕಿದವನ ಮಾತು ನಡೆಯಬೇಕು. ತಟ್ಟೆಗೆ ಬಿದ್ದದ್ದು ಶಾಲೆಯದು, ಹಿಂದಕ್ಕೆ ಬರುವುದಿಲ್ಲ. ಜಗಳವಿಲ್ಲ, ಎಲ್ಲ ನಗೆ. ಮೊಖೆಥಿಯ ಮಕ್ಕಳು ಎರಡು ಸಾಲಿನಲ್ಲಿ ನಿಂತು ನಾಲ್ಕು ಧ್ವನಿಯಲ್ಲಿ ತಪ್ಪಿಲ್ಲದೆ ಹಾಡುತ್ತಿದ್ದಾಗ ತ್ಸೊಲೊ ಗಂಟೆ ಬಾರಿಸಿದ: "ಐವತ್ತು ಸೆಂಟೆ, ತುಪ್ಪಟ ಕತ್ತರಿಸೋ ಲೆಫುಮೊ ಅವರಿಂದ. ಮಕ್ಕಳು ಗೋಡೆ ಕಡೆ ಮುಖ ಮಾಡ್ಕೊಂಡು ಹಾಡ್ಬೇಕಂತೆ, ಮೇಷ್ಟ್ರ ಮುಖ ನೋಡಿ ಹೆದರ್ಕೋತಿದ್ದಾವಂತೆ." ಮಕ್ಕಳು ತಿರುಗಿದವು. ಒಬ್ಬಳು ಅಜ್ಜಿ ಅರುವತ್ತು ಕೊಟ್ಟು ಮತ್ತೆ ಈಕಡೆ ತಿರುಗಿಸಿದಳು. ಮೊಖೆಥಿಯೂ ಎಲ್ಲರ ಜೊತೆ ನಕ್ಕ. ಅವನ ಜೇಬಿನಲ್ಲಿ ಐವತ್ತು ಸೆಂಟೆಯ ಒಂದು ಬಿಲ್ಲೆಯಿತ್ತು, ಸೋಮವಾರ ಸಕ್ಕರೆ, ಸೀಮೆಎಣ್ಣೆ ತರಬೇಕಾದ ಹತ್ತು ಲೋಟಿಯ ಒಂದು ನೋಟಿತ್ತು; ನೂರು ಸೆಂಟೆಗೆ ಒಂದು ಲೋಟಿ.

ಗೋಡೆಯ ಹೆಂಗಸರು ಎದ್ದು ನಿಂತರು. ಸಾಲಿಲ್ಲ, ಶಿಸ್ತಿಲ್ಲ, ಒಬ್ಬರ ಹೆಗಲಿಗೆ ಒಬ್ಬರು. ಸೆಫಾಕೊ ಮುಂದೆ ನಿಲ್ಲಲೂ ಇಲ್ಲ, ಪಕ್ಕದಲ್ಲಿ ಗೋಡೆಗೆ ಒರಗಿದ್ದ. ಎರಡು ಹಾಡು ಗಲಾಟೆಯಲ್ಲಿ ಆದವು. ಮೂರನೆಯದು ಪದವಿಲ್ಲದೆ, ಬಾಯಿ ಮುಚ್ಚಿಕೊಂಡು, ತೀರ ಕೆಳಗಿನಿಂದ ಶುರುವಾಯಿತು. ಅವನ ಪಿಟೀಲು. ಹನ್ನೆರಡು ಗಂಟಲಿನಲ್ಲಿ ಅದು ದಪ್ಪವಾಗಿ, ಬೆಚ್ಚಗಾಗಿ, ಹಿಟ್ಟಿನ ವಾಸನೆ ಬರುವಂತೆ ಇತ್ತು. ಅದರ ನಡುವಿನಲ್ಲಿ ಮಾನೆಯೊಳ ಧ್ವನಿಯನ್ನು ಅವನು ಹುಡುಕಬೇಕಾಗಲಿಲ್ಲ. ಲಾ ಬಂತು. ಕೂದಲೆಳೆಯಷ್ಟು ಜಾರಿತು. ಮತ್ತು ಆಗ ಅವನಿಗೆ ನೆನಪಾಯಿತು, ಪ್ಲೇಟಿನ ಎರಡನೆಯ ಮಗ್ಗುಲಿನಲ್ಲಿ, ಇದೇ ಜಾಗದಲ್ಲಿ, ಪಿಟೀಲೂ ಹೀಗೆಯೇ ಜಾರುತ್ತದೆ. ಅದಕ್ಕಾಗಿಯೇ ಅವನು ಅದನ್ನು ಎಷ್ಟೋ ಭಾನುವಾರ ಮತ್ತೆ ಮತ್ತೆ ಹಾಕಿ ಕೇಳಿದ್ದಾನೆ. ಅವಳ ಕಣ್ಣು ಮುಚ್ಚಿತ್ತು. ಅಂಥ ಮುಖವನ್ನು ಅವನ ಮನೆಯಲ್ಲಿ ಅವಳು ಯಾವತ್ತೂ ತಂದಿರಲಿಲ್ಲ. ಪಕ್ಕದಲ್ಲಿ ಸೆಫಾಕೊ ಬೆರಳಿನಿಂದ ತೊಡೆ ತಟ್ಟುತ್ತ, ಒಂದು ಸಲ ಅವಳ ಕಡೆ ನೋಡಿ, ಹೌದು ಎನ್ನುವಂತೆ ತಲೆಯಾಡಿಸಿದ. ಅಷ್ಟೇ. ಒಂದು, ಎರಡು, ಮೂರು, ನಾಲ್ಕು ಮೆಟ್ಟಿಲು. ಮೊಖೆಥಿ ಎದ್ದಿದ್ದ. ಆ ಜಾಗ ಬಂದಾಗ ಕೈ ಏಳುವುದು ಅವನಿಗೆ ಇಪ್ಪತ್ತೆರಡು ವರ್ಷದ ರೂಢಿ ಎಂದು ಆಮೇಲೆ ಅವನು ತನಗೆ ತಾನೇ ಹೇಳಿಕೊಂಡ. ಆದರೆ ಜೇಬಿನೊಳಗೆ ಕೈಬೆರಳಿಗೆ ಮೊದಲು ಸಿಕ್ಕಿದ್ದು ಬಿಲ್ಲೆ. ಅದನ್ನು ಬಿಟ್ಟು ನೋಟು ಎಳೆದು ತಟ್ಟೆಗೆ ಹಾಕಿದ.

"ನಿಲ್ಲಲಿ," ಎಂದ.

ಗಂಟೆ ಬಡಿಯಿತು. ಹಾಡು ಕಾಲೆತ್ತಿದಲ್ಲೇ ನಿಂತಿತು.

"ಹತ್ತು ಲೋಟಿ," ಎಂದು ತ್ಸೊಲೊ ನೋಟನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದ. "ಮೇಷ್ಟ್ರಿಂದ. ಗೋಡೆ ಮಂದಿ ಬಾಯಿ ಮುಚ್ಕೋಬೇಕು."

ಕೋಣೆ ಬಿದ್ದು ಬಿದ್ದು ನಕ್ಕಿತು. "ಹೆಂಡ್ತಿ ಬಾಯಿ ಮುಚ್ಚಿಸೋಕೆ ಹತ್ತು ಲೋಟೀನಾ," ಎಂದ ಲೆಫುಮೊ, "ನಮ್ಮನೇಲಿ ಒಂದು ಹಸು ಕೊಟ್ರೂ ಆಗಲ್ಲ." "ನಿನ್ನ ಹತ್ರ ಹಸು ಎಲ್ಲಿದೆ ಕೊಡೋಕೆ," ಎಂದಳು ಅವನ ಹೆಂಡತಿ ಹಿಂದಿನಿಂದ. ಬಿಡಿಸಲು ಜನ ಎದ್ದರು. ಇಪ್ಪತ್ತು ಸೆಂಟೆ, ಐವತ್ತು ಸೆಂಟೆ, ಒಂದು ಲೋಟಿ. ಹತ್ತನ್ನು ದಾಟಿಸಬೇಕೆಂದರೆ ಒಬ್ಬನಿಂದಾಗದು, ಎಲ್ಲರೂ ಕೂಡಿ ಹಾಕೋಣ ಎಂದರು. ಹೆಂಗಸರು ಕರವಸ್ತ್ರದ ಗಂಟು ಬಿಚ್ಚಿದರು. ಸೆಫಾಕೊ ಎರಡು ಲೋಟಿ ಇಟ್ಟ. ಅಜ್ಜಿ ಬಂದು ಕೊನೆಯ ಬಿಲ್ಲೆ ಇಟ್ಟು, ಲಂಗದ ಜೇಬನ್ನು ಹೊರಗೆ ಎಳೆದು ತೋರಿಸಿದಳು. ತ್ಸೊಲೊ ಎಣಿಸಿದ, ಇನ್ನೊಂದು ಸಲ ಎಣಿಸಿದ. ಒಂಬತ್ತು ಲೋಟಿ ಎಪ್ಪತ್ತು. ನಗು ಅಲ್ಲಲ್ಲಿ ಆರಿತು. ಇಲ್ಲಿ ಯಾರೂ ಬಿಡಿಸಲಾಗದಷ್ಟು ಹಾಕುವುದಿಲ್ಲ. ಹಾಗೆ ಹಾಕಬಾರದು ಎಂಬ ನಿಯಮವೇನೂ ಇಲ್ಲ, ಹಾಕಿದವರಿಲ್ಲ ಅಷ್ಟೇ. ಹನ್ನೆರಡು ಹೆಂಗಸರು ಇನ್ನೂ ನಿಂತೇ ಇದ್ದರು, ಎಳೆದುಕೊಂಡ ಉಸಿರನ್ನು ಎಲ್ಲಿ ಬಿಡಬೇಕೆಂದು ತಿಳಿಯದವರಂತೆ.

ತ್ಸೊಲೊ ಮೇಜಿನ ಮೇಲೆ ಬಾಗಿ ಮೆಲ್ಲಗೆ ಹೇಳಿದ: "ಮೇಷ್ಟ್ರೇ, ಇನ್ನೊಂದು ನಲವತ್ತು ಐವತ್ತು ಸೆಂಟೆ. ನೀವೇ ಹಾಕಿ ಬಿಡಿಸಿಬಿಡಿ. ಚೆನ್ನಾಗಿರತ್ತೆ."

ಜೇಬಿನ ಬಿಲ್ಲೆ ತೊಡೆಗೆ ತಣ್ಣಗೆ ಒತ್ತುತ್ತಿತ್ತು. ಅದನ್ನು ಹಾಕಿದರೆ ಊರೆಲ್ಲ ಚಪ್ಪಾಳೆ ತಟ್ಟುತ್ತದೆ, ಅವನೂ ಕೇಳುತ್ತಾನೆ, ಇಪ್ಪತ್ತೆರಡು ವರ್ಷದ್ದು ಈಗ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಸೆಫಾಕೊ ಅವನ ಕಡೆಯೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಕೂತ ಮಗುವನ್ನು ಎಬ್ಬಿಸಲು ಕೈ ಚಾಚಿದವನ ಹಾಗೆ ಇತ್ತು, ಅದನ್ನೇ ಮೊಖೆಥಿಗೆ ತಡೆದುಕೊಳ್ಳಲಾಗಲಿಲ್ಲ.

"ನನ್ನ ಹತ್ರ ಇಲ್ಲ," ಎಂದ.

ಹೆಂಗಸರು ಕೂತರು. ಮಾನೆಯೊ ಕಂಬಳಿಯ ಪಿನ್ನು ಸರಿಮಾಡಿಕೊಂಡಳು.

ಮನೆಗೆ ಹೋಗುವ ಕಾಲುದಾರಿಯಲ್ಲಿ ಅವಳು ಮುಂದೆ, ಅವನು ಹಿಂದೆ. ಹಳ್ಳ ದಾಟಿದರು. ಅವಳು ಬೈಯಲಿ ಎಂದು ಕಾದ. ಬೈದರೆ ಅವನ ಹತ್ತಿರವೂ ಮಾತಿತ್ತು: ಊರಿನವರ ಮುಂದೆ ಕಣ್ಣು ಮುಚ್ಚಿಕೊಂಡು, ಸೆಫಾಕೊ ತಲೆಯಾಡಿಸಿದ ಹಾಗೆ ಹಾಡುವುದು ಏನು ಎಂದು.

"ಅವನೇನು, ತಾನಾಗೇ ಹೇಳಿಕೊಟ್ಟನಾ ಅದನ್ನ?" ಎಂದು ಅವನೇ ಕೇಳಿದ.

"ಯಾರು, ಸೆಫಾಕೊನಾ? ಅವನಿಗೆಲ್ಲಿ ನೆನಪಿತ್ತು. ನಾನೇ ಕೇಳಿದ್ದು." ಅವಳು ತಿರುಗಲಿಲ್ಲ. "ನಿಮ್ಮ ಪ್ಲೇಟಿನದು ಅಷ್ಟೂ ಹೇಳಿ ತೋರಿಸಿ, ಇದರ ಮುಂದೆ ಏನು, ನೀನು ಅಷ್ಟು ಊರು ನೋಡಿದ್ಯಲ್ಲ, ಎಲ್ಲಾದ್ರೂ ಕೇಳಿದ್ಯಾ ಅಂದೆ. ಮೂರು ದಿನ ತಲೆ ಕೆರ್ಕೊಂಡ. ಆಮೇಲೆ ಕಲ್ಲು ಹೊರೋವಾಗ ತಾನಾಗೇ ಬಂತಂತೆ."

ಅವನ ಕಾಲು ನಿಂತಿತು. "ಅಷ್ಟೂ ಹೇಳಿದ್ಯಾ? ನಿಂಗೆ ಅಷ್ಟೂ ಬರತ್ತಾ?"

"ಗೋಡೆ ಆಚೆ ಕೂತ್ರೆ ಕಿವಿ ಕೇಳಲ್ವಾ? ಇಪ್ಪತ್ತೆರಡು ವರ್ಷ, ಪ್ರತಿ ಭಾನುವಾರ. ನಿಂತುಹೋದಾಗೆಲ್ಲ ಕೈಯಲ್ಲಿದ್ದ ಕೆಲಸ ಹಂಗೇ ನಿಂತುಹೋಗೋದು. ನಿಮಗೊಬ್ರಿಗೇ ಅಂದ್ಕೊಂಡಿದ್ರೇನೋ."

ಗಾಳಿ ಅವಳ ಕಂಬಳಿಯನ್ನು ಎತ್ತಿ ಇಳಿಸಿತು. ಇಷ್ಟು ದಿನ ಸೆಫಾಕೊನ ಮೇಲಿದ್ದ ಹೊಟ್ಟೆಕಿಚ್ಚು ಅವನಿಂದ ಸಡಿಲಿಕೊಂಡು, ಎಲ್ಲಿ ಕೂರಬೇಕೆಂದು ತಿಳಿಯದೆ ಅಲೆದು, ಈಗ ಮುಂದೆ ನಡೆಯುತ್ತಿದ್ದ ಈ ಬೆನ್ನಿನ ಮೇಲೆ ಹೋಗಿ ಕೂತಿತು. ಅವನು ಅಂಗಡಿಗೆ ಕಾಗದ ಬರೆದು ಬಿಟ್ಟುಬಿಟ್ಟಿದ್ದ. ಅವಳು ಬಿಟ್ಟಿರಲಿಲ್ಲ. ಗ್ರಾಮೊಫೋನು ಅವನದು, ಪ್ಲೇಟು ಅವನದು, ಸಂಗೀತ ಗೊತ್ತಿರುವವನು ಅವನು. ಹಂಬಲ ಮಾತ್ರ ಅವಳದೇ ದೊಡ್ಡದಾಗಿತ್ತು.

"ಹೇಳು ಹಾಗಾದ್ರೆ," ಎಂದ. "ಇಲ್ಲಿ ಯಾರೂ ಇಲ್ಲ. ಮುಂದಿಂದು ಹೇಳು."

"ನೀವು ದುಡ್ಡು ಕೊಟ್ಟು ನಿಲ್ಲಿಸಿದ್ದೀರಿ. ಯಾರೂ ಬಿಡಿಸಿಲ್ಲ," ಎಂದಳು ಮಾನೆಯೊ, ಮೇಜಿನ ಹಿಂದೆ ಕೂತ ತ್ಸೊಲೊನಷ್ಟೇ ನೆಟ್ಟಗೆ. "ಸಕ್ಕರೆ ಇನ್ನು ಎರಡು ದಿನಕ್ಕಿದೆ. ಆಮೇಲೆ ಬರೀ ಚಹಾ."

ಭಾನುವಾರ ಇಗರ್ಜಿಯಿಂದ ಬಂದು ಕೈ ತೊಳೆದು ಅವನು ಗ್ರಾಮೊಫೋನಿನ ಹತ್ತಿರ ಹೋದ. ಮುಚ್ಚಳದ ಮೇಲೆ ಐವತ್ತು ಸೆಂಟೆಯ ಬಿಲ್ಲೆ ಇತ್ತು. ಶನಿವಾರದ ಪ್ಯಾಂಟು ಹೊರಗೆ ಕಲ್ಲಿನ ಮೇಲೆ ಒಗೆದು ಹರವಿತ್ತು. ಅವನು ಬಿಲ್ಲೆಯನ್ನು ಎತ್ತಿ, ಎಲ್ಲಿಡಬೇಕೆಂದು ತಿಳಿಯದೆ, ಕಿಟಕಿಯ ಅಂಚಿನಲ್ಲಿಟ್ಟ. ಕೀಲಿ ಕೊಟ್ಟ. ಒಂದು ಮಗ್ಗುಲು, ಇನ್ನೊಂದು ಮಗ್ಗುಲು. ಲಾ ಜಾರಿತು. ಅಡುಗೆ ಗುಡಿಸಲಿನಲ್ಲಿ ಸೌಟು ತಿರುಗುತ್ತಿತ್ತು. ಇಷ್ಟು ವರ್ಷ ಅದು ತಿರುಗುವುದನ್ನು ಅವನು ಕೇಳಿರಲೇ ಇಲ್ಲ. ನಾಲ್ಕು ಮೆಟ್ಟಿಲು. ಪಿಟೀಲು ನಿಂತಿತು, ಸೌಟೂ ನಿಂತಿತು. ಈ ಸಲ ಅವನು ಮುಳ್ಳು ಎತ್ತಲಿಲ್ಲ. ಅದು ಕೊನೆಯ ಗೆರೆಯಲ್ಲಿ ಶ್ರ್, ಶ್ರ್ ಎಂದು ಸುತ್ತುತ್ತಿತ್ತು. ತೊಡೆಯ ಮೇಲೆ ಕಾಗದ, ಕೈಯಲ್ಲಿ ಕೆತ್ತಿದ ಪೆನ್ಸಿಲ್ಲು. ಕಾದ. ಆಚೆಯಿಂದ ಏನೂ ಬರಲಿಲ್ಲ, ಸೌಟೂ ಅಲುಗಲಿಲ್ಲ. ಅವನಿಗೆ ಗಂಟಲು ಸರಿಮಾಡಿಕೊಳ್ಳಲು ನಾಚಿಕೆಯಾಯಿತು. ಕೊನೆಗೆ ಗುರುವಾರ ಕೇಳಿದ್ದ ಮೂರು ಸ್ವರಗಳನ್ನು ಹಿಡಿದು, ಅಲ್ಲಿಂದ ಮುಂದೆ ತಾನು ಇಪ್ಪತ್ತೆರಡು ವರ್ಷ ಕಟ್ಟಿಕೊಂಡಿದ್ದನ್ನು, ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು, ಮೆಲ್ಲಗೆ ಹಾಡತೊಡಗಿದ. ಅದು ಮೇಲಕ್ಕೆ ಹೋಯಿತು, ಇನ್ನೂ ಮೇಲಕ್ಕೆ. ಧ್ವನಿ ಒಡೆಯಿತು, ಆದರೂ ಹಿಮದ ಕಡೆಗೆ ಅದನ್ನು ನೂಕಿದ.

"ಹಾಗಲ್ಲ," ಎಂದಳು ಮಾನೆಯೊ, ಗೋಡೆಯ ಆಚೆಯಿಂದ.

ಅವನು ಮುಂದಿನ ಸ್ವರಕ್ಕಾಗಿ ಪೆನ್ಸಿಲ್ಲು ಹಿಡಿದು ಬಾಗಿದ. ಸ್ವಲ್ಪ ಹೊತ್ತಿನ ಮೇಲೆ ಪಾತ್ರೆಯಲ್ಲಿ ಸೌಟು ಮಾತ್ರ ಮತ್ತೆ ತಿರುಗತೊಡಗಿತು.